ಇಂಗ್ಲಿಷ್ ಸಂದೇಹ: ‘ಮೈಸೂರು ಓನ್ಲಿ’ ಅಂದರೆ ತಪ್ಪೇನು?

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಮೈಸೂರು, ಮಂಡ್ಯ ಜಿಲ್ಲೆಗಳವು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಕಣ್ಣಾಡಿಸಿ ಬಿಡಬೇಡಿ, ಬಾಯಿಬಿಟ್ಟು ಹೇಳಿ ನೋಡಿ.

ಪ್ರ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಕೆಲಸದ ಅರ್ಜಿಯಲ್ಲಿ ಬರೆದಿದ್ದೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತಪ್ಪಿದೆ ಎಂದರು ನಮ್ಮ ಭಾವ. ಸಿನ್ಸ್ ಒಂದು ಇರಬಹುದು, ಇನ್ನೊಂದು ಯಾವುದು?
— ಗಾರ್ಮೆಂಟ್ಸ್ ಸೂಪರ್‌ವೈಸರ್, ಮದ್ದೂರು

ಉ: ಇನ್ನೊಂದು ‘ಆಮ್ ವರ್ಕಿಂಗ್’. ಬರೆಯಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’.

ಎರಡೂ ತಪ್ಪಿನ ಬೇರು ‘ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಎಂಬ ನಮ್ಮ ವಾಕ್ಯದಲ್ಲಿದೆ. ಕನ್ನಡದ ‘ಇಂದ’ ಎರಡು ಕೆಲಸ ಮಾಡುತ್ತದೆ. ‘2019ರಿಂದ’ ಎಂದಾಗ ಅದು ಶುರುವಾದ ಕಾಲವನ್ನು ಹೇಳುತ್ತದೆ, ‘ಐದು ವರ್ಷದಿಂದ’ ಎಂದಾಗ ಕಳೆದ ಅವಧಿಯನ್ನು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್. ಅನುಮಾನ ಬಂದರೆ ಕಾಲದ ಪದಕ್ಕೆ ಮುಂಚೆ ‘ಒಟ್ಟು’ ಸೇರಿಸಿ ನೋಡಿ. ‘ಒಟ್ಟು ಐದು ವರ್ಷ’ ಎನ್ನಬಹುದು, ಆದ್ದರಿಂದ ಫಾರ್. ‘ಒಟ್ಟು 2019’, ‘ಒಟ್ಟು ಸೋಮವಾರ’, ‘ಒಟ್ಟು ಬೆಳಗ್ಗೆ’ ಎಂದು ಯಾರೂ ಅನ್ನುವುದಿಲ್ಲ, ಆದ್ದರಿಂದ ಸಿನ್ಸ್. ‘ಸಿನ್ಸ್ ಲಾಂಗ್’ ಬೇಡ, ‘ಫಾರ್ ಎ ಲಾಂಗ್ ಟೈಮ್’ ಎನ್ನಿ.

ಇನ್ನು ಕ್ರಿಯಾಪದ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ವರ್ತಮಾನ ಸಾಕು. ಇಂಗ್ಲಿಷಿನಲ್ಲಿ ಅವಧಿ ಹೇಳಿದ ಕೂಡಲೆ ‘ಹ್ಯಾವ್ ಬೀನ್’ ಬೇಕು. ನೋ (ತಿಳಿದಿರು), ಓನ್, ಬಿಲಾಂಗ್ ಥರದ ಕ್ರಿಯಾಪದಗಳಿಗೆ ಮಾತ್ರ ‘ಇಂಗ್’ ಹತ್ತುವುದಿಲ್ಲ: ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ತಪ್ಪಾಗುವುದೂ ಇದರಿಂದಲೇ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಅಲ್ಲಿ ಹ್ಯಾವ್ ಎಂದರೆ ಉಣ್ಣುವುದು.

ಆ ಕೆಲಸ ಬಿಟ್ಟಾಗಿದ್ದರೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದಷ್ಟೇ ಬರೆಯಿರಿ. ‘ಹ್ಯಾವ್ ಬೀನ್’ ಓದಿದವರು ನೀವಿನ್ನೂ ಅಲ್ಲೇ ಇದ್ದೀರಿ ಎಂದುಕೊಂಡು ನೋಟಿಸ್ ಪೀರಿಯಡ್ ಎಷ್ಟು ಎಂದು ಕೇಳುತ್ತಾರೆ. ಇನ್ನೊಂದು ಬಲೆಯೂ ಇದೆ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಎಂದರೆ ಬಂದು ಎಷ್ಟು ದಿನವಾಯಿತು ಎಂದು. ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಎಂದರೆ ಒಟ್ಟು ಎಷ್ಟು ದಿನ ಇರಲು ಬಂದಿದ್ದೀರಿ ಎಂದು. ‘ಐ ಆಮ್ ಹಿಯರ್ ಫಾರ್ ಫೈವ್ ಡೇಸ್’ ಎಂದರೆ ಐದು ದಿನದ ಮಟ್ಟಿಗೆ ಬಂದವರಾಗುತ್ತೀರಿ.

ಪ್ರ: ‘ಐ ಆಮ್ ಫ್ರಮ್ ಮೈಸೂರು ಓನ್ಲಿ’ ಎಂದರೆ ಹೊರಗಿನವರು ನಗುತ್ತಾರೆ. ತಪ್ಪೇನಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಜಯಲಕ್ಷ್ಮೀಪುರಂ

ಉ: ನೀವು ಹೇಳಹೊರಟದ್ದು ‘ನಾನು ಮೈಸೂರಿನವನೇ’. ಆ ‘ಏ’ ಇಂಗ್ಲಿಷಿನಲ್ಲಿ ಒಂದು ಪದವಾಗಿ ಸಿಗುವುದಿಲ್ಲ. ಕೆಲವು ಕಡೆ ಅದು ದನಿಯ ಒತ್ತಿನಲ್ಲಿ ಬರುತ್ತದೆ, ಕೆಲವು ಕಡೆ ವಾಕ್ಯವನ್ನೇ ತಿರುಗಿಸಬೇಕಾಗುತ್ತದೆ. ನಾವು ಎಲ್ಲದಕ್ಕೂ ಓನ್ಲಿ ಅಥವಾ ಇಟ್‌ಸೆಲ್ಫ್ ಅಂಟಿಸುತ್ತೇವೆ.

ಪರೀಕ್ಷೆ ಸುಲಭ. ‘ಏ’ ತೆಗೆದು ‘ಮಾತ್ರ’ ಹಾಕಿ. ‘ನೂರೇ ರೂಪಾಯಿ’ ಎಂಬುದು ‘ನೂರು ರೂಪಾಯಿ ಮಾತ್ರ’ ಆಗುತ್ತದೆ, ಹಾಗಾಗಿ ‘ಓನ್ಲಿ ಎ ಹಂಡ್ರೆಡ್ ರುಪೀಸ್’ ಸರಿ. ‘ಮೈಸೂರಿನವನು ಮಾತ್ರ’ ಎಂದರೆ ಅರ್ಥವೇ ಬೇರೆಯಾಯಿತು, ಹಾಗಾಗಿ ಅಲ್ಲಿ ಓನ್ಲಿ ಬೇಡ. ಮಿಕ್ಕ ‘ಏ’ಗಳಿಗೆ ಒಂದೊಂದಕ್ಕೂ ಒಂದೊಂದು ದಾರಿ. ‘ಇಲ್ಲೇ ಇದ್ದೀನಿ’ಗೆ ‘ಐ ಆಮ್ ರೈಟ್ ಹಿಯರ್’. ‘ನಾನೇ ಮಾಡಿದೆ’ಗೆ ‘ಐ ಡಿಡ್ ಇಟ್ ಮೈಸೆಲ್ಫ್’. ‘ಅವನೇ ಹೇಳಿದ್ದು’ಗೆ ‘ಹೀ ಈಸ್ ದ ಒನ್ ಹೂ ಸೆಡ್ ಇಟ್’. ‘ಇವತ್ತೇ ಬೇಕು’ಗೆ ‘ಐ ನೀಡ್ ಇಟ್ ಟುಡೇ’ ಎಂದು ಟುಡೇ ಮೇಲೆ ಒತ್ತು ಕೊಟ್ಟರೆ ಸಾಕು, ಟುಡೇ ಇಟ್‌ಸೆಲ್ಫ್ ಬೇಕಿಲ್ಲ. ನಿಮ್ಮ ವಾಕ್ಯ: ‘ಐ ಆಮ್ ಫ್ರಮ್ ಮೈಸೂರು ಮೈಸೆಲ್ಫ್’, ಅಥವಾ ಮೈಸೂರಲ್ಲೇ ನಿಂತು ಹೇಳುವುದಾದರೆ ‘ಐ ಆಮ್ ಫ್ರಮ್ ರೈಟ್ ಹಿಯರ್ ಇನ್ ಮೈಸೂರು’.

‘ಸುಮ್ನೆ’ಗೆ ಸಿಂಪ್ಲಿ ಹಾಕುವುದೂ ಇದೇ ಜಾತಿ. ‘ವೈ ಆರ್ ಯು ಸಿಂಪ್ಲಿ ಶೌಟಿಂಗ್?’ ನಮ್ಮೂರಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರಗೆ ಆಗುವುದಿಲ್ಲ. ‘ವೈ ಆರ್ ಯು ಶೌಟಿಂಗ್ ಫಾರ್ ನೋ ರೀಸನ್?’ ಎನ್ನಿ. ‘ಸುಮ್ನೆ ಬಂದೆ’ಗೆ ‘ಐ ಜಸ್ಟ್ ಕೇಮ್ ಬೈ’.

ಪ್ರ: ಬ್ಯಾಂಕಿನ ಕಾಲ್ ಸೆಂಟರಿನವರು ‘ಯು ಹ್ಯಾವಂಟ್ ರಿಸೀವ್ಡ್ ದ ಕಾರ್ಡ್?’ ಎಂದು ಕೇಳಿದರು. ಕಾರ್ಡ್ ಬಂದಿರಲಿಲ್ಲ, ‘ಯೆಸ್’ ಎಂದೆ. ಅವರು ಬಂದಿದೆ ಎಂದು ಬರೆದುಕೊಂಡು ದೂರು ಮುಗಿಸಿಬಿಟ್ಟರು. ನನ್ನ ಉತ್ತರ ತಪ್ಪೇ?
— ನಿವೃತ್ತ ನೌಕರರು, ಮಂಡ್ಯ

ಉ: ಕನ್ನಡದ ಲೆಕ್ಕಕ್ಕೆ ಸರಿ, ಇಂಗ್ಲಿಷಿನ ಲೆಕ್ಕಕ್ಕೆ ತಪ್ಪು. ‘ಬಂದಿಲ್ವಾ?’ ಎಂದರೆ ನಾವು ‘ಹೂಂ, ಬಂದಿಲ್ಲ’ ಎನ್ನುತ್ತೇವೆ. ಆ ‘ಹೂಂ’ ಕೇಳಿದವರ ಮಾತಿಗೆ ಒಪ್ಪಿಗೆ. ಇಂಗ್ಲಿಷಿನಲ್ಲಿ ಯೆಸ್, ನೋ ಎರಡೂ ನಡೆದ ಸಂಗತಿಗೆ ಸೇರಿದವು, ಪ್ರಶ್ನೆ ಕೇಳಿದ ರೀತಿಗಲ್ಲ. ಬಂದಿದ್ದರೆ ಯೆಸ್, ಬಂದಿಲ್ಲದಿದ್ದರೆ ನೋ. ಪ್ರಶ್ನೆಯಲ್ಲಿ ನಾಟ್ ಇದೆಯೋ ಇಲ್ಲವೋ ಎಂದು ನೋಡಲೇಬೇಡಿ, ‘ಬಂತಾ?’ ಎಂದಷ್ಟೇ ಕೇಳಿದಂತೆ ತಿಳಿದು ಉತ್ತರಿಸಿ.

ಫೋನಿನಲ್ಲಂತೂ ಬರೀ ಯೆಸ್ ಅಥವಾ ನೋ ಎಂದು ನಿಲ್ಲಿಸಬೇಡಿ. ‘ನೋ, ಐ ಹ್ಯಾವಂಟ್’ ಎಂದು ಬಾಲ ಸೇರಿಸಿ. ಆ ಕಡೆಯವರೂ ಕನ್ನಡದವರೋ ತಮಿಳರೋ ಆಗಿದ್ದರೆ ಅವರಿಗೂ ಇದೇ ಗೊಂದಲ ಇರುತ್ತದೆ. ಬಾಲ ಇದ್ದರೆ ಯಾರಿಗೂ ಎಡವಟ್ಟಾಗದು.

‘ಡೂ ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದು ರೈಲಿನಲ್ಲಿ ಕೇಳಿದರೂ ಹೀಗೇ. ಮೈಂಡ್ ಎಂದರೆ ಬೇಸರವೇ, ಅಭ್ಯಂತರವೇ ಎಂದು ಕೇಳಿದಂತೆ. ಕೂರಲಿ ಎಂದಿದ್ದರೆ ಉತ್ತರ ‘ನೋ, ನಾಟ್ ಅಟ್ ಆಲ್’. ಯೆಸ್ ಎಂದರೆ ಕೂರಬೇಡಿ ಎಂದಂತಾಯಿತು.

ಪ್ರ: ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಶ್ರೀರಂಗಪಟ್ಟಣ’ ಎಂದು ಬರೆದರೆ ಮೇಡಂ ಹ್ಯಾಡ್ ಹೊಡೆದುಹಾಕುತ್ತಾರೆ. ಭೂತಕಾಲ ತಾನೇ, ಹ್ಯಾಡ್ ಯಾಕೆ ಬೇಡ?
— ಬಿ.ಎಡ್. ವಿದ್ಯಾರ್ಥಿನಿ, ಸರಸ್ವತಿಪುರಂ

ಉ: ‘ನಿನ್ನೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ’ ಎಂದು ಮನಸ್ಸಿನಲ್ಲಿ ಮೂಡಿದ್ದನ್ನು ಹಾಗೇ ಇಳಿಸಿದ್ದೀರಿ. ಕನ್ನಡದಲ್ಲಿ ‘ಹೋದೆ’ ಎನ್ನುವುದಕ್ಕಿಂತ ‘ಹೋಗಿದ್ದೆ’ ಎನ್ನುವುದೇ ಇಲ್ಲಿ ಸಹಜ, ಹೋಗಿ ಬಂದದ್ದೂ ಅದರಲ್ಲೇ ಸೇರಿದೆ. ಇಂಗ್ಲಿಷಿನ ಹ್ಯಾಡ್ ಗಾನ್ ಅಂಥದ್ದಲ್ಲ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲು ನಡೆದದ್ದು ಯಾವುದು ಎಂದು ತೋರಿಸುವುದಷ್ಟೇ ಅದರ ಕೆಲಸ. ನೀವು ಹ್ಯಾಡ್ ಎಂದ ಕೂಡಲೆ ಕೇಳುವವರು ಎರಡನೆಯ ಸಂಗತಿಗೆ ಕಾಯುತ್ತಾರೆ. ಅದು ಬಾರದಿದ್ದರೆ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಕೇಳಿಸುತ್ತದೆ.

ಎರಡು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. ‘ವೆನ್ ವಿ ರೀಚ್ಡ್ ಮಂಡ್ಯ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಎಂದರೆ ನೀವು ಹೋಗುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ‘ವೆನ್ ವಿ ರೀಚ್ಡ್ ಮಂಡ್ಯ ಸ್ಟೇಷನ್, ದ ಟ್ರೈನ್ ಲೆಫ್ಟ್’ ಎಂದರೆ ನೀವು ಕಾಲಿಟ್ಟ ಮೇಲೆ, ನಿಮ್ಮ ಕಣ್ಣೆದುರೇ ಹೊರಟಿತು. ಹ್ಯಾಡ್‌ಗೆ ಇಷ್ಟು ಕೆಲಸವಿದ್ದಾಗ ಮಾತ್ರ ಅದನ್ನು ಕರೆಯಿರಿ. ಒಂದೇ ಸಂಗತಿಯಾದರೆ ‘ಐ ವೆಂಟ್ ಟು ಶ್ರೀರಂಗಪಟ್ಟಣ ಯೆಸ್ಟರ್ಡೇ’.

ಹ್ಯಾಡ್ ತೆಗೆದು ಹ್ಯಾವ್ ಹಾಕಿ ಬಚಾವಾಗುವವರೂ ಇದ್ದಾರೆ. ಅದೂ ಆಗದು. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2016 ಎಂದು ಮುಗಿದ ಕಾಲವನ್ನು ಹೆಸರಿಸಿದ ವಾಕ್ಯದಲ್ಲಿ ಹ್ಯಾವ್ ಸಲ್ಲದು. ‘ಐ ಹ್ಯಾವ್ ಸೀನ್ ದ ದಸರಾ ಪ್ರೊಸೆಷನ್’ ಸರಿ, ‘ಐ ಸಾ ದ ದಸರಾ ಪ್ರೊಸೆಷನ್ ಲಾಸ್ಟ್ ಇಯರ್’ ಸರಿ. ಎರಡನ್ನೂ ಬೆರೆಸಿದರೆ ತಪ್ಪು. ಬಿ.ಎಡ್. ಮುಗಿಸಿ ಪಾಠ ಮಾಡುವವರು ನೀವು; ಮಕ್ಕಳಿಗೆ ಪಾಸ್ಟ್ ಪರ್ಫೆಕ್ಟನ್ನು (ಈ ಹ್ಯಾಡ್ ರೂಪವನ್ನು) ಒಂಟಿ ವಾಕ್ಯದಲ್ಲಿ ಹೇಳಿಕೊಡಬೇಡಿ, ಯಾವಾಗಲೂ ಜೋಡಿಯಲ್ಲೇ ಕೊಡಿ.

ಪ್ರ: ‘ಎ’ ಹಾಕುವುದೋ ‘ಆ್ಯನ್’ ಹಾಕುವುದೋ? ಎ, ಇ, ಐ, ಓ, ಯು ಅಕ್ಷರಕ್ಕೆ ಆ್ಯನ್ ಎಂದು ಕಲಿತಿದ್ದೆ. ಹಾಗಾದರೆ ಎಂಎಲ್‌ಎಗೆ ಆ್ಯನ್ ಯಾಕೆ, ಯೂನಿವರ್ಸಿಟಿಗೆ ಎ ಯಾಕೆ?
— ಪತ್ರ ಬರಹಗಾರರು, ತಾಲ್ಲೂಕು ಕಚೇರಿ ಎದುರು, ಪಾಂಡವಪುರ

ಉ: ನಿಯಮ ಅಕ್ಷರದ್ದಲ್ಲ, ಉಚ್ಚಾರದ್ದು. ಪದದ ಮೊದಲ ಸದ್ದು ಸ್ವರವಾದರೆ ಆ್ಯನ್, ವ್ಯಂಜನವಾದರೆ ಎ. ಯೂನಿವರ್ಸಿಟಿ ಶುರುವಾಗುವುದು ‘ಯ’ಕಾರದಿಂದ, ‘ಒನ್ ವೇ ಟಿಕೆಟ್’ ಶುರುವಾಗುವುದು ‘ವ’ಕಾರದಿಂದ, ಎರಡಕ್ಕೂ ಎ. ಅವರ್, ಆನೆಸ್ಟ್ ಪದಗಳಲ್ಲಿ ಎಚ್ ಕೇಳಿಸುವುದೇ ಇಲ್ಲ, ಎರಡಕ್ಕೂ ಆ್ಯನ್.

ನಮಗೆ ಇದು ಕಷ್ಟವಾಗಲು ಬೇರೆಯೇ ಕಾರಣವಿದೆ. ಕನ್ನಡ ಬಾಯಿ ‘ಎಲ್ಲಿ’ಯನ್ನು ‘ಯೆಲ್ಲಿ’ ಎನ್ನುತ್ತದೆ, ‘ಒಂದು’ ಎಂಬುದನ್ನು ‘ವೊಂದು’ ಎನ್ನುತ್ತದೆ. ಹಾಗೇ ಎಂಎಲ್‌ಎ ನಮ್ಮಲ್ಲಿ ‘ಯೆಮ್ಮೆಲ್ಲೆ’. ಮುಂದೆ ಯಕಾರ ಬಂದಮೇಲೆ ಕಿವಿಗೆ ಎ ಸರಿ ಎನಿಸುತ್ತದೆ. ಇಂಗ್ಲಿಷಿನಲ್ಲಿ ಆ ಯಕಾರ ಇಲ್ಲ, ಶುದ್ಧ ‘ಎ’ ಸ್ವರದಿಂದಲೇ ಶುರು, ಹಾಗಾಗಿ ಆ್ಯನ್.

ನಿಮ್ಮ ಕೆಲಸಕ್ಕೆ ಸಂಕ್ಷಿಪ್ತ ರೂಪಗಳೇ ಹೆಚ್ಚು ಬೇಕಾಗುತ್ತವೆ. ಒಂದೊಂದೇ ಅಕ್ಷರವಾಗಿ ಓದುವಾಗ ಎ, ಇ, ಎಫ್, ಎಚ್, ಐ, ಎಲ್, ಎಂ, ಎನ್, ಓ, ಆರ್, ಎಸ್, ಎಕ್ಸ್ ಈ 12ಕ್ಕೆ ಆ್ಯನ್, ಉಳಿದ 14ಕ್ಕೆ ಎ. ಆ್ಯನ್ ಆರ್‌ಟಿಸಿ, ಆ್ಯನ್ ಎಫ್‌ಐಆರ್, ಆ್ಯನ್ ಎನ್‌ಒಸಿ, ಆ್ಯನ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್. ಎ ಬಿಪಿಎಲ್ ಕಾರ್ಡ್, ಎ ಯುಪಿಎಸ್‌ಸಿ ಎಕ್ಸಾಮ್. ಬಸ್ಸಿನ ಬೋರ್ಡ್ ನೋಡಿ ಅಭ್ಯಾಸ ಮಾಡಬಹುದು: ಆ್ಯನ್ ಎಚ್.ಡಿ. ಕೋಟೆ ಬಸ್, ಎ ಕೆ.ಆರ್. ಪೇಟೆ ಬಸ್. ಅಕ್ಷರ ಬಿಡಿಸದೆ ಪದದಂತೆ ಓದುವುದಾದರೆ ಪದದ ಸದ್ದನ್ನೇ ನೋಡಿ, ಅದಕ್ಕೇ ‘ಎ ಮುಡಾ ಸೈಟ್’. ಅಂಕಿಗೂ ಇದೇ ನಿಯಮ: ಆ್ಯನ್ 18-ಇಯರ್-ಓಲ್ಡ್ ಗರ್ಲ್, ಎ 19-ಇಯರ್-ಓಲ್ಡ್ ಬಾಯ್.

ಪ್ರ: ‘ದ’ ಎಲ್ಲಿ ಹಾಕಬೇಕು ಎನ್ನುವುದು ಇವತ್ತಿಗೂ ತಲೆಗೆ ಹತ್ತಿಲ್ಲ. ನಮ್ಮೂರ ಹೆಸರುಗಳನ್ನೇ ಇಟ್ಟುಕೊಂಡು ಹೇಳುತ್ತೀರಾ?
— ಗೃಹಿಣಿ, ಕುವೆಂಪುನಗರ

ಉ: ಇಡೀ ವಿಷಯ ಒಂದು ಉತ್ತರದಲ್ಲಿ ಮುಗಿಯುವಂಥದ್ದಲ್ಲ, ಸ್ಥಳನಾಮಗಳನ್ನು ಮಾತ್ರ ಹೇಳುತ್ತೇವೆ. ಹೆಸರಿನಲ್ಲಿ ಆಫ್ ಇದ್ದರೆ ದ ಬೇಕು. 1916ರಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾನಿಲಯ ‘ದ ಯೂನಿವರ್ಸಿಟಿ ಆಫ್ ಮೈಸೂರ್’. ಅದನ್ನೇ ‘ಮೈಸೂರ್ ಯೂನಿವರ್ಸಿಟಿ’ ಎಂದಾಗ ದ ಬೇಡ. ‘ದ ಮಹಾರಾಜ ಆಫ್ ಮೈಸೂರ್’ಗೂ ಇದೇ ನಿಯಮ.

ನದಿಗೆ ದ ಬೇಕು: ದ ಕಾವೇರಿ, ದ ಕಬಿನಿ, ದ ಹೇಮಾವತಿ. ಕೆರೆಗೆ ಬೇಡ: ಕುಕ್ಕರಹಳ್ಳಿ ಲೇಕ್. ಒಂಟಿ ಬೆಟ್ಟಕ್ಕೆ ಬೇಡ: ಚಾಮುಂಡಿ ಹಿಲ್. ಸಾಲುಬೆಟ್ಟಕ್ಕೆ ಬೇಕು: ದ ವೆಸ್ಟರ್ನ್ ಘಾಟ್ಸ್. ರಸ್ತೆ, ಮಾರುಕಟ್ಟೆಗೆ ಬೇಡ: ಸಯ್ಯಾಜಿ ರಾವ್ ರೋಡ್, ದೇವರಾಜ ಮಾರ್ಕೆಟ್. ರೈಲಿಗೆ ಬೇಕು: ದ ಚಾಮುಂಡಿ ಎಕ್ಸ್‌ಪ್ರೆಸ್. ಅರಮನೆಗೆ ಊರಿನ ಹೆಸರು ಸೇರಿದರೆ ‘ಮೈಸೂರ್ ಪ್ಯಾಲೇಸ್’, ಬರೀ ಅರಮನೆ ಎಂದರೆ ‘ದ ಪ್ಯಾಲೇಸ್’.

ಸಾಮಾನ್ಯ ಮಾತಿಗೆ ದ ಹಾಕುವ ಚಟ ಮಾತ್ರ ಬಿಡಿ. ‘ದ ಶುಗರ್‌ಕೇನ್ ಈಸ್ ಗ್ರೋನ್ ಇನ್ ಮಂಡ್ಯ’ ತಪ್ಪು. ಕಬ್ಬು ಎಂಬ ಬೆಳೆಯ ಮಾತಾದ್ದರಿಂದ ‘ಶುಗರ್‌ಕೇನ್ ಈಸ್ ಗ್ರೋನ್ ಇನ್ ಮಂಡ್ಯ’. ‘ದ ಶುಗರ್‌ಕೇನ್ ಫ್ರಮ್ ದಿಸ್ ಫೀಲ್ಡ್’ ಎಂದಾಗ ಇಂಥದೇ ಕಬ್ಬು ಎಂದು ಗುರುತು ಸಿಕ್ಕಿತು, ದ ಬಂತು.

ಪ್ರ: ವಿದೇಶಕ್ಕೆ ಬೆಲ್ಲ ಕಳಿಸಲು ಲೇಬಲ್ ಬರೆಸುತ್ತಿದ್ದೇವೆ. ‘ಮೇಡ್ ಆಫ್ ಶುಗರ್‌ಕೇನ್ ಜ್ಯೂಸ್, 10 ಜಾಗರೀಸ್’ ಸರಿಯೇ?
— ಆಲೆಮನೆ ಮಾಲೀಕರು, ಮಂಡ್ಯ ತಾಲ್ಲೂಕು

ಉ: ಎರಡನ್ನೂ ತಿದ್ದಿಸಿ. ವಸ್ತುವಿನ ಸ್ವರೂಪ ಉಳಿದಿದ್ದರೆ ಮೇಡ್ ಆಫ್ (ಮರದ ಕುರ್ಚಿಯಲ್ಲಿ ಮರ ಕಾಣುತ್ತದೆ), ಸ್ವರೂಪ ಬದಲಾಗಿದ್ದರೆ ಮೇಡ್ ಫ್ರಮ್. ರಸ ಕಾದು ಬೆಲ್ಲವಾದ್ದರಿಂದ ‘ಮೇಡ್ ಫ್ರಮ್ ಶುಗರ್‌ಕೇನ್ ಜ್ಯೂಸ್’. ಜಾಗರಿಗೆ ಬಹುವಚನ ಹೊಂದುವುದಿಲ್ಲ, ಲೆಕ್ಕ ಅಚ್ಚಿನದ್ದು: ‘10 ಬ್ಲಾಕ್ಸ್ ಆಫ್ ಜಾಗರಿ’. ಚಿಕ್ಕ ಚೌಕದ ಅಚ್ಚಾದರೆ ಕ್ಯೂಬ್ಸ್. ಫರ್ನಿಚರ್, ಲಗೇಜ್, ಇನ್‌ಫರ್ಮೇಷನ್, ಅಡ್ವೈಸ್, ಎಕ್ವಿಪ್‌ಮೆಂಟ್ ಇವಕ್ಕೂ ಎಸ್ ಸೇರದು. ‘ತ್ರೀ ಪೀಸಸ್ ಆಫ್ ಲಗೇಜ್’ ಎನ್ನಬೇಕು.

ಪ್ರ: ಡಿಸ್ಕಸ್ ಅಬೌಟ್ ತಪ್ಪಂತೆ, ಆಂಗ್ರಿ ಆನ್ ಮಿ ತಪ್ಪಂತೆ. ಪ್ರಿಪೊಸಿಷನ್ ಕಲಿಯಲು ಉಪಾಯ ಇದೆಯೇ?
— ಪಿಯು ವಿದ್ಯಾರ್ಥಿ, ಮಳವಳ್ಳಿ

ಉ: ಕನ್ನಡದ ವಿಭಕ್ತಿಯನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋಗದಿರುವುದೇ ಉಪಾಯ. ‘ಬಗ್ಗೆ ಚರ್ಚಿಸು’ ಎಂಬುದರಿಂದ ಅಬೌಟ್ ನುಸುಳಿತು, ‘ನನ್ನ ಮೇಲೆ ಕೋಪ’ದಿಂದ ಆನ್ ಬಂತು. ಡಿಸ್ಕಸ್, ಮೆನ್ಶನ್, ರೀಚ್, ಮ್ಯಾರಿ, ರಿಸೆಂಬಲ್, ಆಸ್ಕ್ ಇವುಗಳಿಗೆ ಕರ್ಮ ನೇರವಾಗಿ ಅಂಟಿಕೊಳ್ಳುತ್ತದೆ: ‘ವಿ ಡಿಸ್ಕಸ್ಡ್ ದ ಫೀಸ್’, ‘ವಿ ರೀಚ್ಡ್ ಮಳವಳ್ಳಿ’, ‘ಐ ಆಸ್ಕ್ಡ್ ಹಿಮ್’. ಡಿಸ್ಕಷನ್ ಎಂಬ ನಾಮಪದವಾದರೆ ಅಬೌಟ್ ಹಾಕಬಹುದು, ಗೊಂದಲ ಹುಟ್ಟುವುದು ಅಲ್ಲೇ. ‘ಹೀ ಟೋಲ್ಡ್ ಮಿ ದಟ್’ ಸರಿ, ‘ಹೀ ಸೆಡ್ ದಟ್’ ಸರಿ. ‘ಹೀ ಟೋಲ್ಡ್ ದಟ್’ ಆಗದು, ಟೆಲ್ ಎಂದ ಮೇಲೆ ಯಾರಿಗೆ ಎಂದು ಹೇಳಲೇಬೇಕು.

‘ಮೇಲೆ’ಗೆ ಬದಲಿಗಳು: ಆಂಗ್ರಿ ವಿತ್ ಮಿ, ಕಂಪ್ಲೇಂಟ್ ಅಗೇನ್‌ಸ್ಟ್ ಹಿಮ್, ಜೆಲಸ್ ಆಫ್ ಹರ್. ಬ್ಯಾಂಕ್ ಸಾಲದ ಮೇಲಿನ ಬಡ್ಡಿ ಮಾತ್ರ ‘ಇಂಟರೆಸ್ಟ್ ಆನ್ ದ ಲೋನ್’, ಅಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿದಿವೆ. ಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳಬೇಡಿ, ಪ್ರಿಪೊಸಿಷನ್ ಸಮೇತ ಬರೆದಿಟ್ಟುಕೊಳ್ಳಿ.

ಪ್ರ: ‘ಒನ್ ಆಫ್ ಮೈ ಫ್ರೆಂಡ್’ ಎಂದು ಎಲ್ಲರೂ ಅನ್ನುತ್ತಾರಲ್ಲ?
— ಹುಣಸೂರು

ಉ: ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂದು ಕನ್ನಡದಲ್ಲೂ ಬಹುವಚನವೇ ಇದೆ. ‘ಒನ್ ಆಫ್ ಮೈ ಫ್ರೆಂಡ್ಸ್’. ಕ್ರಿಯಾಪದ ಮಾತ್ರ ಏಕವಚನ, ಏಕೆಂದರೆ ಅದು ಆ ಒಬ್ಬನಿಗೆ ಸೇರಿದ್ದು: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್’.

ಪ್ರ: ‘ಟೆನ್ ರುಪೀಸ್ ನೋಟ್’ ತಪ್ಪಾದರೆ ಮಂಡ್ಯದ ‘ಹಂಡ್ರೆಡ್ ಫೀಟ್ ರೋಡ್’ ಹೇಗೆ ಸರಿ?
— ಆಟೋ ಚಾಲಕರು, ಮಂಡ್ಯ

ಉ: ಒಳ್ಳೆಯ ಪಟ್ಟು ಹಾಕಿದ್ದೀರಿ. ನಾಮಪದದ ಮುಂದೆ ವಿಶೇಷಣವಾಗಿ ನಿಂತ ಅಳತೆಗೆ ಬಹುವಚನ ಇಲ್ಲ: ಎ ಟೆನ್-ರುಪೀ ನೋಟ್, ಎ ಫೈವ್-ಇಯರ್-ಓಲ್ಡ್ ಬಾಯ್, ಎ ಟೂ-ಅವರ್ ಜರ್ನಿ. ವ್ಯಾಕರಣದ ಲೆಕ್ಕಕ್ಕೆ ಅದೂ ಹಂಡ್ರೆಡ್-ಫುಟ್ ರೋಡ್ ಆಗಬೇಕು. ಆದರೆ ಅದು ರಸ್ತೆಯ ಹೆಸರಾಗಿ ನಿಂತುಬಿಟ್ಟಿದೆ. ವಿಳಾಸದಲ್ಲಿ ಇದ್ದ ಹಾಗೇ ಬರೆಯಿರಿ.

ಪ್ರ: ‘ಅಲ್ವಾ’ ಎನ್ನಲು ಎಲ್ಲದಕ್ಕೂ ಈಸಂಟ್ ಇಟ್ ಎಂದರೆ ನಡೆಯದೆ?
— ಅಂಗನವಾಡಿ ಕಾರ್ಯಕರ್ತೆ, ನಂಜನಗೂಡು

ಉ: ಮಾತಿನಲ್ಲಿ ನಡೆದುಹೋಗುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ವಾಕ್ಯದ ಸಹಾಯಕ ಕ್ರಿಯಾಪದವನ್ನು ಎತ್ತಿಕೊಂಡು ತಿರುವುಮುರುವು ಮಾಡಿ, ವಾಕ್ಯ ‘ಹೌದು’ ಎಂದರೆ ಬಾಲ ‘ಇಲ್ಲ’, ವಾಕ್ಯ ‘ಇಲ್ಲ’ ಎಂದರೆ ಬಾಲ ‘ಹೌದು’: ‘ಯು ಹ್ಯಾವ್ ಹ್ಯಾಡ್ ಬ್ರೇಕ್‌ಫಾಸ್ಟ್, ಹ್ಯಾವಂಟ್ ಯು?’ ವಾಕ್ಯದಲ್ಲಿ ಸಹಾಯಕ ಇಲ್ಲದಿದ್ದರೆ ಡೂ, ಡಸ್, ಡಿಡ್ ತನ್ನಿ: ‘ಶಿ ಟೀಚಸ್ ಹಿಯರ್, ಡಸಂಟ್ ಶಿ?’ ನೋಬಡಿ, ಹಾರ್ಡ್ಲಿ ಥರದ ಪದಗಳು ನಾಟ್ ಇಲ್ಲದೆಯೂ ನಿಷೇಧವೇ: ‘ನೋಬಡಿ ಕೇಮ್, ಡಿಡ್ ದೇ?’ ‘ಐ ಆಮ್ ಲೇಟ್’ಗೆ ‘ಆರಂಟ್ ಐ?’ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ, ಅದಕ್ಕೆ ತರ್ಕ ಹುಡುಕಿ ಫಲವಿಲ್ಲ. ಇಷ್ಟೆಲ್ಲ ತಲೆನೋವು ಬೇಡವೆಂದರೆ ಮಾತಿನಲ್ಲಿ ‘ರೈಟ್?’ ಎನ್ನಿ.

ಪ್ರ: ಗ್ರಾಮರ್ ತಪ್ಪಿಲ್ಲದೆ ಮಾತಾಡುತ್ತೇನೆ, ಆದರೂ ವಿದೇಶಿ ಪ್ರವಾಸಿಗರು ಕೆಲವು ಸಲ ಮುಖ ಗಂಟಿಕ್ಕುತ್ತಾರೆ. ‘ಯು ವೇಟ್ ಹಿಯರ್’, ‘ಶೋ ಯುವರ್ ಟಿಕೆಟ್’, ‘ವಾಟ್ ಡೂ ಯು ವಾಂಟ್?’ ಇವುಗಳಲ್ಲಿ ಒರಟು ಎಲ್ಲಿದೆ?
— ಪ್ರವಾಸಿ ಮಾರ್ಗದರ್ಶಿ, ಮೈಸೂರು

ಉ: ‘ಇಲ್ಲಿ ನಿಂತಿರಿ’, ‘ಟಿಕೆಟ್ ತೋರಿಸಿ’ ಎನ್ನುವಾಗ ಕೊನೆಯ ‘ಇ’ಯಲ್ಲೇ ನಮ್ಮ ಮರ್ಯಾದೆ ಇದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಪ್ರತ್ಯಯವಿಲ್ಲ. ನೀವು ‘ತೋರಿಸಿ’ ಎಂದುಕೊಂಡು ಹೇಳಿದ್ದು ಅವರ ಕಿವಿಗೆ ‘ತೋರಿಸು’ ಎಂದು ಬೀಳುತ್ತದೆ. ಮೊದಲಿಗೆ ಯು ಸೇರಿಸಿದರೆ ಇನ್ನೂ ಕೆಟ್ಟಿತು, ‘ಏಯ್, ನೀನು’ ಎಂದ ಹಾಗೆ. ಪ್ಲೀಸ್ ಸೇರಿಸಿದರೂ ಅದು ಸೌಮ್ಯವಾದ ಆಜ್ಞೆಯೇ.

ಇಂಗ್ಲಿಷಿನಲ್ಲಿ ಮರ್ಯಾದೆ ಬರುವುದು ಪ್ರಶ್ನೆಯ ರೂಪದಿಂದ. ‘ಕುಡ್ ಐ ಸೀ ಯುವರ್ ಟಿಕೆಟ್ಸ್, ಪ್ಲೀಸ್?’ ‘ವುಡ್ ಯು ವೇಟ್ ಹಿಯರ್ ಫಾರ್ ಎ ಮಿನಿಟ್?’ ಅರಮನೆಯ ಒಳಗೆ ಹೋಗುವ ಮುಂಚೆ ‘ರಿಮೂವ್ ಯುವರ್ ಶೂಸ್’ ಎನ್ನುವ ಬದಲು ‘ಕುಡ್ ಯು ಲೀವ್ ಯುವರ್ ಶೂಸ್ ಹಿಯರ್, ಪ್ಲೀಸ್?’ ಎನ್ನಿ. ನಿಯಮ ಎಂದು ಗಟ್ಟಿಯಾಗಿ ಹೇಳಬೇಕಾದಲ್ಲಿ ‘ಯು ವಿಲ್ ನೀಡ್ ಟು’ ಎಂದು ಶುರುಮಾಡಿ. ಮಸ್ಟ್ ಬೋರ್ಡಿನ ಮೇಲಿರಲಿ, ಬಾಯಲ್ಲಿ ಬೇಡ.

ಇನ್ನೊಂದು ದಾರಿ ಭೂತಕಾಲ. ಅಂಗಡಿಯಲ್ಲಿ ನಾವು ‘ಏನು ಬೇಕು?’ ಎನ್ನುವುದಕ್ಕಿಂತ ‘ಏನು ಬೇಕಿತ್ತು?’ ಎಂದರೆ ಮೆತ್ತಗೆ ಕೇಳುತ್ತದಲ್ಲ, ಇಂಗ್ಲಿಷೂ ಹಾಗೇ. ‘ವಾಟ್ ಡೂ ಯು ವಾಂಟ್?’ ಬಿಟ್ಟು ‘ವಾಟ್ ವುಡ್ ಯು ಲೈಕ್ ಟು ಸೀ?’ ಎನ್ನಿ. ‘ಐ ವಾಂಟ್ ಟು ಆಸ್ಕ್’ ಬಿಟ್ಟು ‘ಐ ವಾಂಟೆಡ್ ಟು ಆಸ್ಕ್’ ಎನ್ನಿ. ವಿಲ್, ಕ್ಯಾನ್ ಎಂಬುವಕ್ಕಿಂತ ವುಡ್, ಕುಡ್ ಮರ್ಯಾದೆಯಾಗಿ ಕೇಳುವುದೂ ಅವು ಭೂತಕಾಲದ ರೂಪಗಳಾದ್ದರಿಂದಲೇ.

ಪ್ರವಾಸಿಗರಿಂದ ನೀವು ಕೇಳಿಸಿಕೊಳ್ಳುವ ‘ಕುಡ್ ಯು ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್?’ ಎಂಬುದರಲ್ಲಿ ಈಸ್ ಕೊನೆಗೆ ಹೋಗಿರುವುದನ್ನು ಗಮನಿಸಿ. ಪ್ರಶ್ನೆಯೊಳಗೆ ಪ್ರಶ್ನೆ ಸೇರಿದಾಗ ಒಳಗಿನದು ಮಾಮೂಲಿ ವಾಕ್ಯದ ಕ್ರಮಕ್ಕೆ ಮರಳುತ್ತದೆ. ‘ಟೆಲ್ ಮಿ ವೇರ್ ಈಸ್ ದ ಬಸ್ ಸ್ಟ್ಯಾಂಡ್’ ಎನ್ನುವುದು ನಮ್ಮಲ್ಲಿ ತೀರಾ ಸಾಮಾನ್ಯ ತಪ್ಪು.

ಪ್ರ: ಅಮೆರಿಕದ ಕ್ಲೈಂಟಿಗೆ ಮೇಲ್ ಬರೆಯುವಾಗ ‘ಡೂ ದ ನೀಡ್‌ಫುಲ್’, ‘ಪ್ರಿಪೋನ್’, ‘ಐ ಹ್ಯಾವ್ ಎ ಡೌಟ್’ ಬಳಸಬೇಡಿ ಎಂದು ಮ್ಯಾನೇಜರ್ ಹೇಳುತ್ತಾರೆ. ಇವೆಲ್ಲ ನಿಜಕ್ಕೂ ತಪ್ಪೇ?
— ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ, ಮೈಸೂರು

ಉ: ತಪ್ಪಲ್ಲ, ಊರು ಬೇರೆ. ಪ್ರಿಪೋನ್ ಪದವನ್ನು ಆಕ್ಸ್‌ಫರ್ಡ್ ನಿಘಂಟೇ ಭಾರತೀಯ ಬಳಕೆ ಎಂದು ಸೇರಿಸಿಕೊಂಡಿದೆ. ‘ಡೂ ದ ನೀಡ್‌ಫುಲ್’ ಬ್ರಿಟಿಷರೇ ಬಳಸುತ್ತಿದ್ದ ಹಳೆಯ ಮಾತು, ಅಲ್ಲಿ ಮರೆಯಾಗಿ ನಮ್ಮ ಕಚೇರಿಗಳಲ್ಲಿ ಉಳಿದಿದೆ. ಅದರ ತೊಂದರೆ ಹಳತಾಗಿದ್ದಲ್ಲ, ಏನು ಮಾಡಬೇಕೆಂದು ಹೇಳದಿರುವುದು. ‘ಪ್ಲೀಸ್ ಅಪ್ರೂವ್ ದ ಅಟ್ಯಾಚ್ಡ್ ಇನ್‌ವಾಯ್ಸ್ ಬೈ ಫ್ರೈಡೇ’ ಎಂದು ಕೆಲಸವನ್ನೇ ಹೆಸರಿಸಿ.

ಅರ್ಥವೇ ಕೆಡುವ ಪದಗಳ ಬಗ್ಗೆ ಮಾತ್ರ ಹುಷಾರು. ನಮಗೆ ಡೌಟ್ ಎಂದರೆ ಕೇಳಬೇಕಾದ ಪ್ರಶ್ನೆ, ಅವರಿಗೆ ಅಪನಂಬಿಕೆ. ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಎಂದರೆ ಅವರ ಡಿಸೈನ್ ಸರಿಯಿಲ್ಲ ಎಂದಂತೆ. ಕ್ವೆಶ್ಚನ್ ಎಂದು ಬರೆಯಿರಿ. ‘ಐ ಪಾಸ್ಡ್ ಔಟ್ ಇನ್ 2016’ ಎಂದರೆ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದು ತಿಳಿಯುತ್ತಾರೆ, ‘ಗ್ರಾಜುಯೇಟೆಡ್’ ಎನ್ನಿ. ರಿವರ್ಟ್ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು. ನಿಮ್ಮ ಕೆಲಸದಲ್ಲಿ ಕೋಡ್ ರಿವರ್ಟ್ ಮಾಡುವುದೂ ಇರುವುದರಿಂದ ‘ಪ್ಲೀಸ್ ರಿವರ್ಟ್’ ಅಪಾಯಕಾರಿ, ‘ರಿಪ್ಲೈ’ ಎನ್ನಿ. ‘ಟುಡೇ ಮಾರ್ನಿಂಗ್’, ‘ಯೆಸ್ಟರ್ಡೇ ನೈಟ್’ ಇದ್ದಲ್ಲಿ ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’ ಇರಲಿ.

ಪ್ರ: ಷಡ್ಡಕನಿಗೆ ‘ಕೋ-ಬ್ರದರ್’ ಎನ್ನಬಹುದೇ?
— ಮೇಲುಕೋಟೆ

ಉ: ಬಳಗದಲ್ಲಿ ಧಾರಾಳವಾಗಿ. ಹೊರದೇಶದ ಅರ್ಜಿಯಲ್ಲಿ ‘ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್’ ಎಂದು ಬಿಡಿಸಿ ಬರೆಯಿರಿ. ಬ್ರದರ್-ಇನ್-ಲಾ ಎಂದರೂ ಸರಿಯೇ, ಆದರೆ ಭಾವನೋ ಮೈದುನನೋ ಷಡ್ಡಕನೋ ಎಂದು ಅದರಿಂದ ತಿಳಿಯದು.

ಪ್ರ: ಇಂಗ್ಲಿಷಿನಲ್ಲಿ ಬರೆಯುವಾಗ ಮೈಸೂರು ಎನ್ನಬೇಕೋ ಮೈಸೂರ್ ಎನ್ನಬೇಕೋ?
— ಮುದ್ರಣಾಲಯದ ಡಿಟಿಪಿ ಆಪರೇಟರ್, ಮೈಸೂರು

ಉ: 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಮೈಸೂರು ಅದರಲ್ಲೊಂದು. ಊರು, ಜಿಲ್ಲೆ, ವಿಳಾಸಕ್ಕೆ ಕೊನೆಯಲ್ಲಿ ‘ಯು’ ಇರುವ ಹೊಸ ರೂಪ ಹಾಕಿ. ಸಂಸ್ಥೆಗಳು, ಸರಕುಗಳು ತಮ್ಮ ಹೆಸರನ್ನು ಹೇಗೆ ಇಟ್ಟುಕೊಂಡಿವೆಯೋ ಹಾಗೆ ಬಿಡಿ: ಯೂನಿವರ್ಸಿಟಿ ಆಫ್ ಮೈಸೂರ್, ಮೈಸೂರ್ ಸಿಲ್ಕ್. ಹಳೆಯ ಸಂಸ್ಥಾನದ ವಿಷಯ ಬಂದರೂ ‘ದ ಪ್ರಿನ್ಸ್ಲಿ ಸ್ಟೇಟ್ ಆಫ್ ಮೈಸೂರ್’ ಎಂದೇ ಇರಲಿ. ಒಂದೇ ಆಹ್ವಾನ ಪತ್ರಿಕೆಯಲ್ಲಿ ಎರಡೂ ರೂಪ ಬಂದರೆ ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ ‘ರಿಪ್ಲೇಸ್ ಆಲ್’ ಒತ್ತುವುದು ಮಾತ್ರ ಬೇಡ, ಸಂಸ್ಥೆಯ ಹೆಸರೂ ಬದಲಾಗಿ ಗಿರಾಕಿ ಕಾರ್ಡುಗಳನ್ನು ವಾಪಸ್ ತರುತ್ತಾರೆ.